ಕನ್ನಂಬಾಡಿಯ ತಳಹದಿ: ವಿಶ್ವೇಶ್ವರಯ್ಯನವರೂ ಬೊಕ್ಕಸದ ರಾಜಕಾರಣವೂ

ಸರ್ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರ ಹೆಸರನ್ನು ಅಣೆಕಟ್ಟಿನೊಡನೆ ಕೂಡಿಸಿ ಸ್ಮರಿಸುವುದು ಕನ್ನಡಿಗರಿಗೆ ರೂಢಿಯಾಗಿದೆ. ಆದರೆ ಕಲ್ಲು ಗಾರೆಗಳನ್ನು ಜೋಡಿಸುವುದಕ್ಕಿಂತ, ಅದಕ್ಕೆ ಬೇಕಾದ ಹಣವನ್ನು ಪ್ರಭುತ್ವದಿಂದ ಹೊರಡಿಸುವುದೇ ಅವರ ಪಾಲಿಗೆ ಹೆಚ್ಚು ಕಠಿಣವಾಗಿತ್ತೆಂಬುದನ್ನು ಅವರ ಜೀವನ ತಿಳಿಸುತ್ತದೆ.

ಮುದ್ದೇನಹಳ್ಳಿಯಲ್ಲಿ ಹುಟ್ಟಿ, ಪುಣೆಯಲ್ಲಿ ಎಂಜಿನಿಯರಿಂಗ್ ವ್ಯಾಸಂಗ ಮುಗಿಸಿದ ಅವರು 1884ರಲ್ಲಿ ಮುಂಬಯಿ ಪ್ರಾಂತದ ಲೋಕೋಪಯೋಗಿ ಇಲಾಖೆಯನ್ನು ಸೇರಿದರು. ಪುಣೆಯ ಬಳಿಯ ಖಡಕ್‌ವಾಸ್ಲಾ ಜಲಾಶಯದಲ್ಲಿ 1903ರಲ್ಲಿ ಅವರು ಅಳವಡಿಸಿದ ಸ್ವಯಂಚಾಲಿತ ಬಾಗಿಲುಗಳು ಕಟ್ಟೆಯನ್ನು ಎತ್ತರಿಸದೆಯೇ ಹೆಚ್ಚು ನೀರನ್ನು ಹಿಡಿದವು. ಮಿತವ್ಯಯದ ಇಂಥ ಕಾರ್ಯಕ್ಕೆ ಸರ್ಕಾರದ ಒಪ್ಪಿಗೆ ದೊರೆಯುವುದು ಸಹಜವಾಗಿತ್ತು.

1908ರ ಸೆಪ್ಟೆಂಬರಿನಲ್ಲಿ ಮೂಸಿ ನದಿಯ ಪ್ರವಾಹ ಹೈದರಾಬಾದಿನಲ್ಲಿ ಸಾವಿರಾರು ಜನರನ್ನು ಬಲಿ ತೆಗೆದುಕೊಂಡಿತು. ಆ ದುರಂತದ ನಂತರವೇ ನಿಜಾಮರ ಸರ್ಕಾರ ಅವರನ್ನು ಕರೆಸಿಕೊಂಡಿತು. ಅವರ ಸಲಹೆಯ ಮೇರೆಗೆ ಮೂಸಿಗೆ ಉಸ್ಮಾನ್‌ಸಾಗರವೂ ಅದರ ಉಪನದಿ ಈಸಿಗೆ ಹಿಮಾಯತ್‌ಸಾಗರವೂ ನಿರ್ಮಾಣಗೊಂಡವು. ರಾಜಧಾನಿಯೇ ಮುಳುಗಿದಾಗ ಬೊಕ್ಕಸದ ಬಾಗಿಲು ತೆರೆದಿತ್ತು.

1909ರಲ್ಲಿ ಮೈಸೂರಿನ ಮುಖ್ಯ ಎಂಜಿನಿಯರಾದ ಅವರಿಗೆ ಅಂಥ ತುರ್ತಿನ ಬೆಂಬಲವಿರಲಿಲ್ಲ. ಕನ್ನಂಬಾಡಿಯ ಯೋಜನೆಯ ವೆಚ್ಚವನ್ನು ಕಂಡು ಸಂಸ್ಥಾನದ ಆಡಳಿತವೇ ಹಿಂಜರಿಯಿತು. ಮಳೆಯನ್ನೇ ನಂಬಿದ ಮಂಡ್ಯ ಸೀಮೆಯ ರೈತನ ಕಷ್ಟ ಹಳೆಯದಾಗಿದ್ದರೂ ಅದರಿಂದ ಕೂಡಲೇ ಆದಾಯ ಬರುವಂತಿರಲಿಲ್ಲ. 1902ರಿಂದ ಶಿವನಸಮುದ್ರದ ವಿದ್ಯುತ್ತನ್ನು ಕೊಳ್ಳುತ್ತಿದ್ದ ಕೋಲಾರದ ಚಿನ್ನದ ಗಣಿಗಳ ವಿಷಯ ಬೇರೆ. ಬೇಸಿಗೆಯಲ್ಲಿಯೂ ನದಿಯ ಹರಿವು ನಿಶ್ಚಿತವಾದರೆ ಗಣಿಗಳಿಗೆ ಹೆಚ್ಚು ವಿದ್ಯುತ್ತು, ಬೊಕ್ಕಸಕ್ಕೆ ಹೆಚ್ಚು ವರಮಾನ. ಈ ಲೆಕ್ಕಾಚಾರವೇ ಯೋಜನೆಗೆ ಬಲ ನೀಡಿತು. 1911ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಅನುಮತಿ ದೊರೆಯಿತು.

ತಂಜಾವೂರಿನ ಗದ್ದೆಗಳ ಕಂದಾಯವನ್ನು ಕಾಯಬೇಕಾಗಿದ್ದ ಮದ್ರಾಸ್ ಸರ್ಕಾರ ಮೊದಲು 11 ಟಿ.ಎಂ.ಸಿ. ನೀರು ನಿಲ್ಲುವ ಕಿರುಗಟ್ಟೆಗೆ ಮಾತ್ರ ಸಮ್ಮತಿಸಿತು. ಹಾಗಿದ್ದರೂ ಮುಂದೆ ಏರಬೇಕಾದ ಕಟ್ಟೆಗೆ ತಕ್ಕ ಅಗಲದಲ್ಲಿಯೇ ತಳಹದಿಯನ್ನು ಹಾಕಲಾಯಿತು. ಅನುಮತಿ ಬಾರದಿದ್ದರೆ ಆ ಹೆಚ್ಚಿನ ವೆಚ್ಚವೆಲ್ಲ ವ್ಯರ್ಥವಾಗುತ್ತಿತ್ತು. 1914ರ ಪಂಚಾಯ್ತಿ ತೀರ್ಪನ್ನೂ ಮದ್ರಾಸ್ ಪ್ರಶ್ನಿಸಿತು. 1924ರ ಒಪ್ಪಂದದಿಂದ ಮಾತ್ರ ವಿವಾದ ಅಂದಿಗೆ ಶಮನಗೊಂಡಿತು. ಹೀಗಾಗಿ ಗಣಿಗೆ ಮೊದಲು ದೊರೆತ ಪ್ರಯೋಜನ ಮಂಡ್ಯದ ಹೊಲಗಳನ್ನು ಮುಟ್ಟಿದುದು 1930ರ ದಶಕದಲ್ಲಿ. ಮನೆಮಠಗಳನ್ನು ನೀರಿಗೊಪ್ಪಿಸಿದ ಹಳೆಯ ಕನ್ನಂಬಾಡಿಯವರ ನಷ್ಟವಾದರೋ ಆದಾಯದ ಯಾವ ಬಾಬಿಗೂ ಸೇರಲಿಲ್ಲ.

1912ರಿಂದ ದಿವಾನರಾಗಿದ್ದ ಅವರು, ಹಿಂದುಳಿದ ವರ್ಗಗಳಿಗೆ ಸರ್ಕಾರಿ ಹುದ್ದೆಗಳಲ್ಲಿ ಪಾಲು ನೀಡುವ ವಿಷಯದಲ್ಲಿ ಭಿನ್ನಾಭಿಪ್ರಾಯ ಬಂದು 1918ರಲ್ಲಿ ಅಧಿಕಾರ ತ್ಯಜಿಸಿದರು. ಪ್ರಭುತ್ವದ ವೆಚ್ಚವನ್ನು ದೂರದೃಷ್ಟಿಯಿಂದ ಅಳೆದವರಿಗೆ, ಪ್ರಭುತ್ವದಲ್ಲಿಯೇ ಪಾಲು ಕೇಳಿದವರ ನ್ಯಾಯ ಅಷ್ಟಾಗಿ ಮನಗಾಣಲಿಲ್ಲ. 1934ರಲ್ಲಿ ಪ್ರಕಟವಾದ ಅವರ ಗ್ರಂಥ ಇಡೀ ಭಾರತಕ್ಕೆ ಯೋಜಿತ ಅರ್ಥವ್ಯವಸ್ಥೆಯನ್ನು ಪ್ರತಿಪಾದಿಸಿತು. 1955ರಲ್ಲಿ ಭಾರತರತ್ನ ಪುರಸ್ಕೃತರಾದ ಅವರು 1962ರಲ್ಲಿ ನಿಧನರಾದರು. ವೈಸರಾಯ್ ಇರ್ವಿನ್ನರ ಹೆಸರಿನಲ್ಲಿ ಆರಂಭವಾದ ಮಂಡ್ಯದ ನಾಲೆಗೆ ಮುಂದೆ ವಿಶ್ವೇಶ್ವರಯ್ಯನವರ ಹೆಸರನ್ನೇ ಇಡಲಾಯಿತು.