ಸಂಸಾರದಲ್ಲಿಯೇ ಹರಿಯನ್ನು ಕಂಡ ಶ್ರೀಪುರಂದರದಾಸರು

ನವಕೋಟಿನಾರಾಯಣರೆನಿಸಿದ್ದ ಶ್ರೀನಿವಾಸನಾಯಕರು ಮಡದಿಯ ಮೂಗುತಿಯ ನಿಮಿತ್ತದಿಂದ ಸರ್ವಸ್ವವನ್ನೂ ತ್ಯಜಿಸಿದ ವೃತ್ತಾಂತವು ಸರ್ವವಿದಿತವಷ್ಟೆ. ಆದರೆ ಅವರು ತೊರೆದದ್ದು ಸಂಪತ್ತನ್ನು, ಸಂಸಾರವನ್ನಲ್ಲ. ಪತ್ನೀಪುತ್ರರೊಡನೆಯೇ ವಿಜಯನಗರಕ್ಕೆ ಬಂದು, ಶ್ರೀವ್ಯಾಸರಾಜರ ಅನುಗ್ರಹದಿಂದ ಪುರಂದರದಾಸರಾದರು. ಅಂದಂದಿನ ಯಾಯಿವಾರದ ಧಾನ್ಯವೇ ಅಂದಂದಿನ ನೈವೇದ್ಯ. ನಾಳೆಗೆಂದು ಉಳಿಸುವಂತಿರಲಿಲ್ಲವೆಂದು ಹಿರಿಯರು ಹೇಳುತ್ತಾರೆ. ಸಿರಿಯಲ್ಲಿ ಬಾಳಿದ ಗೃಹಿಣಿಗೆ ಇದು ಸುಲಭವಾಗಿರಲಾರದು. ಸರಸ್ವತೀಬಾಯಿಯವರ ತ್ಯಾಗವು ಪತಿಯ ತ್ಯಾಗಕ್ಕಿಂತ ಕಿರಿದೆನ್ನಲು ನಮಗೆ ಮನಸ್ಸೊಪ್ಪದು.

ಮನೆಮನೆಯ ನಿತ್ಯದ ಬದುಕೇ ದಾಸರ ದೇವರನಾಮಗಳಿಗೆ ವಸ್ತುವಾಯಿತು. ಭಿಕ್ಷೆಯ ರಾಗಿ, ಅಂಗಡಿಯ ಕಲ್ಲುಸಕ್ಕರೆ, ತೊಟ್ಟಿಲ ಕೂಸು, ಮಗನ ತುಂಟತನಕ್ಕೆ ಬೇಸತ್ತ ತಾಯಿ, ಎಲ್ಲವೂ ಪುರಂದರವಿಠಲನ ಸ್ತುತಿಗೊದಗಿದವು. ಪುತ್ರ ಮಧ್ವಪತಿದಾಸರೂ ಹಾಡು ಕಟ್ಟಿದರು. ಎಳೆಯರ ಸಂಗೀತಪಾಠಕ್ಕೆ ಮಾಯಾಮಾಳವಗೌಳದ ಸರಳೆವರಸೆಗಳನ್ನು ಹಾಕಿಕೊಟ್ಟವರೂ ಇವರೇ.

ರಕ್ತಾಕ್ಷಿ ಸಂವತ್ಸರದ (1564-65) ಪುಷ್ಯ ಅಮಾವಾಸ್ಯೆಯಂದು ದಾಸರು ಹಂಪೆಯಲ್ಲಿ ಹರಿಪಾದವನ್ನು ಸೇರಿದರು.