ಐದು ರಾಕೆಟ್ಟುಗಳನ್ನು ಒಂದಾಗಿ ಕಟ್ಟಿದವನು: ಸೆರ್ಗೆಯ್ ಕೊರೊಲೆವ್

1961ನೆಯ ಇಸವಿಯ ಕೊನೆಯಲ್ಲಿ ಯೂರಿ ಗಗಾರಿನನು ಭಾರತಕ್ಕೆ ಬಂದಿದ್ದನು. ದೆಹಲಿಯಲ್ಲಿಯೂ ಮುಂಬಯಿಯಲ್ಲಿಯೂ ಜನರು ಅವನನ್ನು ಕಂಡು ಸಂತೋಷಪಟ್ಟರು. ಆದರೆ ಅವನನ್ನು ಅಂತರಿಕ್ಷಕ್ಕೇರಿಸಿದ ರಾಕೆಟ್ಟನ್ನು ಕಟ್ಟಿದವನಾರೆಂದು ಆಗ ಯಾರಾದರೂ ಕೇಳಿದ್ದರೆ ಉತ್ತರ ದೊರೆಯುತ್ತಿರಲಿಲ್ಲ. ಸೋವಿಯತ್ ಪತ್ರಿಕೆಗಳು ಆತನನ್ನು ಪ್ರಧಾನ ವಿನ್ಯಾಸಕಾರನೆಂದಷ್ಟೇ ಕರೆಯುತ್ತಿದ್ದುವು. ಹೆಸರಿಲ್ಲ, ಭಾವಚಿತ್ರವಿಲ್ಲ. ಹೋಟೆಲಿನಲ್ಲಿ ದೋಸೆಯನ್ನು ಮೆಚ್ಚಿದ ಗಿರಾಕಿಯು ಗಲ್ಲಾಪೆಟ್ಟಿಗೆಯ ಮುಂದೆ ಕುಳಿತವನನ್ನು ಹೊಗಳಿ ಹೋಗುತ್ತಾನೆ. ಆ ಹೊಗಳಿಕೆಯನ್ನು ನಾನೂ ಬಹಳ ವರ್ಷ ಕುಳಿತಲ್ಲಿಯೇ ಸ್ವೀಕರಿಸಿದವನು. ಒಳಗೆ ಕಾವಲಿಯ ಮುಂದೆ ಬೆವರುವವನ ಹೆಸರನ್ನು ಕೇಳಿದವರು ಬೆರಳೆಣಿಕೆಯಷ್ಟು. ಕೊರೊಲೆವನ ಸಂಗತಿ ಇದಕ್ಕಿಂತ ಕಠಿನವಾದುದು. ಆತನ ಹೆಸರನ್ನು ಸರಕಾರವೇ ಮುಚ್ಚಿಟ್ಟಿತ್ತು.

ಸೆರ್ಗೆಯ್ ಪಾವ್ಲೊವಿಚ್ ಕೊರೊಲೆವನು 1907ರ ಜನವರಿ 12ರಂದು ಉಕ್ರೇನಿನ ಝಿತೋಮಿರ್ ಎಂಬ ಊರಿನಲ್ಲಿ ಜನಿಸಿದನು. ಮಗು ಚಿಕ್ಕದಿರುವಾಗಲೇ ತಂದೆ ತಾಯಿಗಳು ಬೇರೆಯಾದರು. ತಂದೆ ತೀರಿಕೊಂಡನೆಂದು ಹುಡುಗನಿಗೆ ಹೇಳಲಾಗಿತ್ತು. ತಾಯಿ ಮಾರಿಯಾ ಓದಲೆಂದು ದೂರ ಹೋದುದರಿಂದ ಅವನು ನೆಝಿನ್ ಎಂಬಲ್ಲಿ ಅಜ್ಜ ಅಜ್ಜಿಯರ ಮನೆಯಲ್ಲಿ, ಜತೆಗಾರರಿಲ್ಲದೆ ಬೆಳೆದನು. 1911ರಲ್ಲಿ ಆ ಊರಿಗೆ ಒಬ್ಬ ವೈಮಾನಿಕನು ಬಂದು ಹಾರಾಟವನ್ನು ತೋರಿಸಿದಾಗ ನಾಲ್ಕು ವರ್ಷದ ಹುಡುಗನು ಅಜ್ಜನ ಹೆಗಲ ಮೇಲೆ ಕುಳಿತು ಅದನ್ನು ನೋಡಿದನಂತೆ. ಮುಂದೆ ತಾಯಿಯು ಮರುಮದುವೆಯಾಗಿ ಒಡೆಸ್ಸಾ ನಗರದಲ್ಲಿ ನೆಲೆಸಿದಳು. ಮಲತಂದೆಯು ಎಂಜಿನಿಯರು, ಒಳ್ಳೆಯವನು. ಅಲ್ಲಿ ಹದಿನೇಳರ ಪ್ರಾಯದಲ್ಲಿಯೇ ಸೆರ್ಗೆಯ್ ಎಂಜಿನಿಲ್ಲದೆ ಗಾಳಿಯಲ್ಲಿ ತೇಲುವ ಗ್ಲೈಡರ್ ವಿಮಾನವೊಂದರ ನಕ್ಷೆಯನ್ನು ತಯಾರಿಸಿದನು.

ಕೀವ್‌ನಲ್ಲಿಯೂ ಬಳಿಕ ಮಾಸ್ಕೋದಲ್ಲಿಯೂ ವ್ಯಾಸಂಗ ನಡೆಯಿತು. ಹೆಸರಾಂತ ವಿಮಾನ ನಿರ್ಮಾಪಕ ತುಪೋಲೆವನು ಗುರುವಾಗಿ ದೊರೆತನು. 1931ರಲ್ಲಿ ಕೊರೊಲೆವನು ರಾಕೆಟ್ಟುಗಳ ಗೀಳು ಹಿಡಿದಿದ್ದ ಕೆಲವರೊಡನೆ ಸೇರಿಕೊಂಡನು. ಅವರ ಕಾರ್ಯಾಗಾರವಿದ್ದುದು ಒಂದು ಮನೆಯ ನೆಲಮಾಳಿಗೆಯಲ್ಲಿ. ಹಣವಿರಲಿಲ್ಲ, ಸಾಮಾನುಗಳಿರಲಿಲ್ಲ. 1933ರ ಆಗಸ್ಟ್ 17ರಂದು ಮಾಸ್ಕೋದ ಹೊರವಲಯದ ನಖಾಬಿನೊ ಎಂಬಲ್ಲಿ ಅವರ ಮೊದಲ ರಾಕೆಟ್ಟು ಹಾರಿತು. ಆಳಿಗಿಂತ ತುಸು ಎತ್ತರ, ಸುಮಾರು 19 ಕಿಲೋ ತೂಕ. ಅದು ಏರಿದುದು 400 ಮೀಟರು. ಹಾರಾಟವೆಲ್ಲ ಮುಗಿದುದು 18 ಸೆಕೆಂಡುಗಳಲ್ಲಿ. ಅದನ್ನು ಯೋಜಿಸಿದವನು ತಿಖೋನ್ರಾವೋವ್ ಎಂಬ ಗೆಳೆಯನು. ಓದುಗರು ಈ ಹೆಸರನ್ನು ನೆನಪಿಡಬೇಕು, ಮುಂದೆ ಬರುತ್ತದೆ.

1938ರ ಜೂನ್ 27ರ ರಾತ್ರಿ ಪೋಲೀಸರು ಮನೆಗೆ ಬಂದರು. ಸ್ಟಾಲಿನನ ಆ ದಿನಗಳಲ್ಲಿ ಸಂಸ್ಥೆಯ ಮುಖ್ಯಸ್ಥರನ್ನು ಅದಾಗಲೇ ಗುಂಡಿಕ್ಕಿ ಕೊಂದಿದ್ದರು. ಹೊಡೆದು ಬಡಿದು ಬರೆಯಿಸಿಕೊಂಡ ಹೇಳಿಕೆಗಳಲ್ಲಿ ಕೊರೊಲೆವನ ಹೆಸರೂ ಇತ್ತು. ಮನೆಯಲ್ಲಿ ಮೂರು ವರ್ಷದ ಮಗಳು. ಹತ್ತು ವರ್ಷಗಳ ಶಿಕ್ಷೆ ವಿಧಿಸಿ ಸೈಬೀರಿಯಾದ ಪೂರ್ವದ ಕೊನೆಯಲ್ಲಿರುವ ಕೊಲಿಮಾ ಪ್ರಾಂತದ ಚಿನ್ನದ ಗಣಿಗೆ ಅಟ್ಟಿದರು. ಆ ಚಳಿಯಲ್ಲಿ, ಅರೆಹೊಟ್ಟೆಯಲ್ಲಿ ಸ್ಕರ್ವಿ ರೋಗ ತಗಲಿ ಹಲ್ಲುಗಳು ಉದುರಿದುವು. ತಾಯಿಯು ಸುಮ್ಮನೆ ಕುಳಿತವಳಲ್ಲ. ಅರ್ಜಿಯ ಮೇಲೆ ಅರ್ಜಿ ಬರೆದಳು. ಅಧಿಕಾರಿಗಳ ಬಾಗಿಲು ಬಾಗಿಲಿಗೆ ಅಲೆದಳು. ಹೆಸರಾಂತ ವೈಮಾನಿಕರಿಬ್ಬರಿಂದ ಮಗನ ಪರವಾಗಿ ಮಾತನಾಡಿಸಿದಳು. ಆತನು 1940ರಲ್ಲಿ ಮಾಸ್ಕೋಗೆ ಹಿಂದಿರುಗಿದನು, ಆದರೆ ಕೈದಿಯಾಗಿಯೇ. ಗುರು ತುಪೋಲೆವನೂ ಆಗ ಕೈದಿ! ಗುರುಶಿಷ್ಯರಿಬ್ಬರೂ ಕಾವಲಿನೊಳಗಣ ಕಚೇರಿಯಲ್ಲಿ ಕುಳಿತು ಯುದ್ಧವಿಮಾನಗಳ ನಕ್ಷೆ ಬರೆದರು. ಬಿಡುಗಡೆ ದೊರೆತುದು 1944ರಲ್ಲಿ.

ಯುದ್ಧವು ಮುಗಿದ ಮೇಲೆ ಸರಕಾರಕ್ಕೆ ದೂರಗಾಮಿ ಕ್ಷಿಪಣಿ ಬೇಕಾಯಿತು. ಜಲಜನಕ ಬಾಂಬನ್ನು ಹೊತ್ತು ಎಂಟು ಸಾವಿರ ಕಿಲೋಮೀಟರು ಹೋಗಬಲ್ಲ ಅಸ್ತ್ರವನ್ನು ಕಟ್ಟುವ ಭಾರವು ಕೊರೊಲೆವನ ಮೇಲೆ ಬಿದ್ದಿತು. ಆ ರಾಕೆಟ್ಟು ಹುಟ್ಟಿದ್ದು ಸಂಹಾರಕ್ಕಾಗಿ ಎಂಬುದನ್ನು ಮರೆಮಾಚಬೇಕಾಗಿಲ್ಲ. ಅಷ್ಟು ಭಾರವನ್ನು ಎತ್ತಲು ಒಂದೇ ರಾಕೆಟ್ಟಿಗೆ ಶಕ್ತಿ ಸಾಲದು. ಒಂದರ ತಲೆಯ ಮೇಲೆ ಇನ್ನೊಂದನ್ನಿರಿಸಿ, ಕೆಳಗಿನದು ಉರಿದು ಮುಗಿದೊಡನೆ ಮೇಲಿನದನ್ನು ಹೊತ್ತಿಸಬಹುದು. ಆದರೆ ಅಷ್ಟೆತ್ತರದಲ್ಲಿ ಎಂಜಿನು ಖಂಡಿತವಾಗಿ ಹೊತ್ತಿಕೊಳ್ಳುವುದೆಂಬ ಭರವಸೆ ಆಗ ಯಾರಿಗೂ ಇರಲಿಲ್ಲ. ರಾಕೆಟ್ಟುಗಳನ್ನು ಕಂತೆಯಂತೆ ಪಕ್ಕಪಕ್ಕದಲ್ಲಿ ಕಟ್ಟಿ, ಎಲ್ಲವನ್ನೂ ನೆಲದ ಮೇಲೆಯೇ ಹೊತ್ತಿಸುವ ಉಪಾಯವನ್ನು ಹಲವು ವರ್ಷಗಳಿಂದ ಪ್ರತಿಪಾದಿಸುತ್ತ ಬಂದಿದ್ದವನು ಆ ಹಳೆಯ ಗೆಳೆಯ ತಿಖೋನ್ರಾವೋವನೇ. ಕೊರೊಲೆವನು ಅದನ್ನು ಹಿಡಿದನು.

ನಡುವೆ ಒಂದು ಉದ್ದನೆಯ ರಾಕೆಟ್ಟು. ಅದರ ಸುತ್ತ ಮೂಲಂಗಿಯನ್ನು ತಲೆಕೆಳಗಾಗಿಸಿದಂತೆ ತುದಿ ಚೂಪಾದ ನಾಲ್ಕು ಪಕ್ಕದ ರಾಕೆಟ್ಟುಗಳು. ಇಂಧನವೆಂದರೆ ನಮ್ಮ ಅಡಿಗೆಮನೆಗಳ ಸ್ಟವ್ವಿಗೆ ಹಾಕುತ್ತಿದ್ದ ಸೀಮೆಎಣ್ಣೆಯ ಜಾತಿಯದೇ; ಉರಿಸಲು ಶೂನ್ಯಕ್ಕಿಂತ 183 ಡಿಗ್ರಿ ಕೆಳಗಿರುವ ದ್ರವ ಆಮ್ಲಜನಕ. ಐದು ಎಂಜಿನುಗಳ ದೊಡ್ಡ ಉರಿಗುಂಡಿಗಳು 20, ದಿಕ್ಕು ತಿರುಗಿಸುವ ಸಣ್ಣವು 12. ಇವುಗಳೊಳಗೆ ಮದ್ದು ಕಟ್ಟಿದ ಮರದ ಕೋಲುಗಳನ್ನು ತೂರಿ, ದೊಡ್ಡ ಬೆಂಕಿಕಡ್ಡಿಗಳಂತೆ ಒಟ್ಟಿಗೆ ಹೊತ್ತಿಸುತ್ತಿದ್ದರು. ಇಂದಿಗೂ ಹಲವು ದೇಶಗಳಲ್ಲಿ ಹವ್ಯಾಸಿಗಳು ಈ ರಾಕೆಟ್ಟಿನ ಪುಟ್ಟ ಪ್ರತಿಕೃತಿಗಳನ್ನು ಕಟ್ಟಿ ಹಾರಿಸುತ್ತಾರೆ. ಎಲ್ಲ ಎಂಜಿನುಗಳನ್ನೂ ಒಂದೇ ಕ್ಷಣದಲ್ಲಿ ಹೊತ್ತಿಸುವುದೇ ಅವರಿಗೂ ದೊಡ್ಡ ತೊಡಕು. ಒಂದು ಪಕ್ಕ ಉರಿದು ಇನ್ನೊಂದು ಉರಿಯದಿದ್ದರೆ ರಾಕೆಟ್ಟು ವಾಲುತ್ತದೆ.

ಪಕ್ಕದವು ಎರಡು ನಿಮಿಷದಷ್ಟು ಉರಿಯುತ್ತವೆ. ಬಳಿಕ ಬುಡದ ಕಟ್ಟುಗಳು ಬಿಡುತ್ತವೆ. ಬುಡವು ಹೊರಕ್ಕೆ ಸರಿಯುತ್ತದೆ. ತುದಿಯಲ್ಲಿ ಒಂದು ಕವಾಟ ತೆರೆದು, ಉಳಿದ ಆಮ್ಲಜನಕವು ನುಗ್ಗಿ ತುದಿಯನ್ನೂ ಹೊರಕ್ಕೆ ದೂಡುತ್ತದೆ. ನಾಲ್ಕೂ ಏಕಕಾಲಕ್ಕೆ ನಾಲ್ಕು ದಿಕ್ಕಿಗೆ ಬೀಳುತ್ತವೆ. ಹಗುರವಾದ ನಡುವಿನ ರಾಕೆಟ್ಟು ಮುಂದುವರಿಯುತ್ತದೆ.

ಕಾಗದದ ಮೇಲೆ ಇದು ಸುಲಭ. ಕಝಾಕ್‌ಸ್ತಾನದ ಬಯಲಿನಲ್ಲಿ 1957ರ ಮೇ 15ರಂದು ಮೊದಲನೆಯದು ಮೇಲೆದ್ದಿತು. ಒಂದು ಪಕ್ಕದ ರಾಕೆಟ್ಟಿನಲ್ಲಿ ಎಣ್ಣೆ ಸೋರಿ ಬೆಂಕಿ ಹತ್ತಿ, ಅದು 98ನೆಯ ಸೆಕೆಂಡಿನಲ್ಲಿ ಕಿತ್ತುಹೋಯಿತು. ಜೂನಿನಲ್ಲಿ ಇನ್ನೊಂದು ರಾಕೆಟ್ಟು ನೆಲ ಬಿಟ್ಟು ಏಳಲೇ ಇಲ್ಲ. ನೋಡಿದರೆ ಒಂದು ಕವಾಟವನ್ನು ತಿರುವುಮುರುವಾಗಿ ಜೋಡಿಸಿದ್ದರು. ಜುಲೈ 12ರಂದು ಮತ್ತೊಂದು ರಾಕೆಟ್ಟು ಬುಗುರಿಯಂತೆ ತಿರುಗಿ, ನಾಲ್ಕು ಪಕ್ಕದವೂ 33ನೆಯ ಸೆಕೆಂಡಿಗೆ ಚೆದರಿಹೋದುವು. ಒಮ್ಮೆ ಜೈಲು ಕಂಡವನಿಗೆ ಇಂಥ ಮೂರು ಸೋಲುಗಳ ಬೆಲೆ ಏನಾಗಬಹುದೆಂದು ಗೊತ್ತು. ಕೊಲಿಮಾದ ಶಿಕ್ಷೆಯು ಅನ್ಯಾಯದ್ದೆಂದು ಸರಕಾರವು ಒಪ್ಪಿಕೊಂಡು ಆಗಿನ್ನೂ ಮೂರು ತಿಂಗಳಾಗಿತ್ತು.

ಆಗಸ್ಟ್ 21ರಂದು ರಾಕೆಟ್ಟು ನೆಟ್ಟಗೆ ಹಾರಿತು. ಅಕ್ಟೋಬರ್ 4ರ ರಾತ್ರಿ ಅದೇ ಬಗೆಯ ರಾಕೆಟ್ಟಿನ ಮೇಲೆ, ಬಾಂಬಿನ ಸ್ಥಾನದಲ್ಲಿ, 83.6 ಕಿಲೋ ತೂಕದ ಒಂದು ಹೊಳೆಯುವ ಗುಂಡನ್ನು ಇರಿಸಿದರು. ಅದೇ ಸ್ಪುಟ್ನಿಕ್. ಆ ರಾತ್ರಿಯೂ ಒಂದು ಪಕ್ಕದ ಎಂಜಿನು ಉಳಿದವುಗಳಿಗಿಂತ ತಡವಾಗಿ ಬಲ ತುಂಬಿಕೊಂಡಿತು. ಇನ್ನೊಂದು ಕ್ಷಣ ತಡವಾಗಿದ್ದರೆ ಉಡ್ಡಯನವು ತಾನಾಗಿ ರದ್ದಾಗುತ್ತಿತ್ತು. 1961ರ ಏಪ್ರಿಲ್ 12ರಂದು ಗಗಾರಿನನು ಹೋದುದೂ ಅದರದೇ ಬೆಳೆದ ರೂಪದಲ್ಲಿ.

ಇಷ್ಟಾದರೂ ಪ್ರಧಾನ ವಿನ್ಯಾಸಕಾರನು ಪದಕಗಳನ್ನು ಜನರೆದುರಿಗೆ ಧರಿಸುವಂತಿರಲಿಲ್ಲ. ಪತ್ರಿಕೆಗೆ ಲೇಖನ ಬರೆಯಬೇಕಾದರೆ ಸೆರ್ಗೇಯೆವ್ ಎಂಬ ಸುಳ್ಳು ಹೆಸರು. 1966ರ ಜನವರಿ 14ರಂದು, 59 ತುಂಬಿದ ಎರಡನೆಯ ದಿನ, ಆತನು ಶಸ್ತ್ರಚಿಕಿತ್ಸೆಯ ಮೇಜಿನ ಮೇಲೆಯೇ ತೀರಿಕೊಂಡನು. ಸೆರೆಯಲ್ಲಿ ಪೆಟ್ಟು ತಿಂದ ದವಡೆಯು ಸರಿಯಾಗಿ ತೆರೆಯದೆ, ಉಸಿರಾಟದ ಕೊಳವೆ ಇಳಿಸುವುದು ಕಷ್ಟವಾಯಿತೆಂದು ಹೇಳುವವರುಂಟು. ಎರಡು ದಿನಗಳ ಬಳಿಕ ಪ್ರಾವ್ದಾ ಪತ್ರಿಕೆಯಲ್ಲಿ ಭಾವಚಿತ್ರದೊಡನೆ ಹೆಸರು ಅಚ್ಚಾಯಿತು. ಗಗಾರಿನನನ್ನು ಕಳುಹಿಸಿದವನಾರೆಂದು ಊರಿನ ಜನರಿಗೆ ತಿಳಿದುದು ಆಗ. ಚಿತಾಭಸ್ಮವನ್ನು ಕ್ರೆಮ್ಲಿನ್ ಗೋಡೆಯಲ್ಲಿ ಇರಿಸಿದರು.

1984ರಲ್ಲಿ ನಮ್ಮ ರಾಕೇಶ್ ಶರ್ಮಾ ಅವರು ಏರಿದುದು ಆ ವಂಶದ ರಾಕೆಟ್ಟನ್ನೇ. ಬೆಂಗಳೂರಿನಲ್ಲಿ ತಯಾರಾದ ಐಆರ್‌ಎಸ್ 1ಎ ಉಪಗ್ರಹವನ್ನು 1988ರ ಮಾರ್ಚ್ 17ರಂದು ಹೊತ್ತೊಯ್ದುದೂ ಅದೇ ವಂಶದ್ದು. ಆ ವಂಶದ ಸೊಯೂಜ್ ರಾಕೆಟ್ಟುಗಳು ಇಂದಿಗೂ ಹಾರುತ್ತಿವೆ. ಆಕಾಶ ತಿಳಿಯಾಗಿದ್ದರೆ, ಎರಡು ನಿಮಿಷದ ಹೊತ್ತಿಗೆ ನಾಲ್ಕು ಪಕ್ಕದ ರಾಕೆಟ್ಟುಗಳು ಕಳಚಿ ಹೊಗೆಯ ಶಿಲುಬೆಯೊಂದನ್ನು ಬಿಡಿಸುವುದು ನೆಲದಿಂದ ಕಾಣಿಸುತ್ತದೆ. ಅದನ್ನು ನೋಡುವವರು ಕೊರೊಲೆವನ ಶಿಲುಬೆಯೆಂದು ಕರೆಯುತ್ತಾರೆ.