ಮನೆಯಿಂದ ಹೊರದೂಡಲ್ಪಟ್ಟವರಿಗೆ ಮನೆಯಾದ ಫಾದರ್ ಮುಲ್ಲರ್

ಆಗುಂಬೆ, ಹುಲಿಕಲ್ ಘಾಟಿಗಳನ್ನಿಳಿದು ಚಿಕಿತ್ಸೆಗಾಗಿ ಮಂಗಳೂರಿಗೆ ತೆರಳುವ ತೀರ್ಥಹಳ್ಳಿ, ಹೊಸನಗರ, ಸಾಗರ ಸೀಮೆಯ ಜನರಿಗೆ ಕಂಕನಾಡಿಯ ಫಾದರ್ ಮುಲ್ಲರ್ ಆಸ್ಪತ್ರೆಯ ಹೆಸರು ಹೊಸತಲ್ಲ. ಆದರೆ ಆ ಹೆಸರಿನ ಧರ್ಮಗುರು ಕುಷ್ಠರೋಗಪೀಡಿತರಿಗಾಗಿ ಸಲ್ಲಿಸಿದ ಸೇವೆಯನ್ನು ಅರಿತವರು ವಿರಳ.

ಅಗಸ್ಟಸ್ ಮುಲ್ಲರ್ 1841ರಲ್ಲಿ ಜರ್ಮನಿಯ ವೆಸ್ಟ್‌ಫಾಲಿಯಾದಲ್ಲಿ ಜನಿಸಿದರು. ಯೇಸುಸಭೆಯ ಗುರುಗಳಾಗಿ 1878ರ ಡಿಸೆಂಬರ್ 31ರಂದು ಮಂಗಳೂರಿಗೆ ಆಗಮಿಸಿದರು. ಹೋಮಿಯೋಪಥಿಯಲ್ಲಿ ಅವರಿಗೆ ಪರಿಶ್ರಮವಿತ್ತು. 1880ರಲ್ಲಿ ಕಂಕನಾಡಿಯ ಆಲದ ಮರದಡಿ ಬಡವರಿಗೆ ಔಷಧ ನೀಡತೊಡಗಿದರು. ಅದೇ ಮುಂದೆ ಔಷಧಾಲಯವಾಗಿ ಬೆಳೆಯಿತು.

ಕುಷ್ಠರೋಗದ ಸೂಕ್ಷ್ಮಾಣುವನ್ನು ನಾರ್ವೆಯ ಹ್ಯಾನ್ಸನ್ 1873ರಲ್ಲೇ ಗುರುತಿಸಿದ್ದರೂ ರೋಗವನ್ನು ಗುಣಪಡಿಸುವ ಔಷಧ ಅಂದು ಇರಲಿಲ್ಲ. ರೋಗ ತಗುಲಿದವರನ್ನು ಬಂಧುಗಳೇ ದೂರವಿಡುತ್ತಿದ್ದರು. ಅಂಥವರಿಗಾಗಿ ಮುಲ್ಲರ್ 1890ರಲ್ಲಿ ಕಂಕನಾಡಿಯಲ್ಲಿ ಆಶ್ರಯಧಾಮವನ್ನು ತೆರೆದರು. ಗುಣಪಡಿಸಲಾಗದ ಕಾಲದಲ್ಲಿ ನೆರಳು, ಅನ್ನ, ಆರೈಕೆಗಳನ್ನಾದರೂ ನೀಡಬಹುದೆಂಬುದನ್ನು ಅವರು ತೋರಿಸಿಕೊಟ್ಟರು. 1902ರಲ್ಲಿ ಪ್ಲೇಗ್ ಪೀಡಿತರಿಗೂ ಆಸ್ಪತ್ರೆ ಕಟ್ಟಿದರು. 1907ರಲ್ಲಿ ಸರಕಾರ ಕೈಸರ್-ಇ-ಹಿಂದ್ ಪದಕವಿತ್ತು ಗೌರವಿಸಿತು. 1910ರ ನವೆಂಬರ್ 1ರಂದು, ಸಕಲ ಸಂತರ ಹಬ್ಬದ ದಿನವೇ, ಅವರು ದೈವಾಧೀನರಾದರು.

ಇಂದು ಪರಿಸ್ಥಿತಿ ಬದಲಾಗಿದೆ. 1980ರ ದಶಕದಲ್ಲಿ ಬಳಕೆಗೆ ಬಂದ ಬಹುಔಷಧ ಚಿಕಿತ್ಸೆಯನ್ನು 6 ಅಥವಾ 12 ತಿಂಗಳು ಪಡೆದರೆ ಕುಷ್ಠರೋಗ ಗುಣವಾಗುತ್ತದೆ. ಸರಕಾರಿ ಆಸ್ಪತ್ರೆಗಳಲ್ಲಿ ಇದು ಉಚಿತ. ಆದರೆ ತಡವಾಗಿ ಚಿಕಿತ್ಸೆ ಪಡೆದವರಲ್ಲಿ ನರಗಳಿಗಾದ ಹಾನಿ ಉಳಿಯುತ್ತದೆ. ಸ್ಪರ್ಶಜ್ಞಾನವಿಲ್ಲದ ಪಾದಕ್ಕೆ ಮುಳ್ಳು ಚುಚ್ಚಿದರೂ, ಬಿಸಿ ಪಾತ್ರೆ ಕೈ ಸುಟ್ಟರೂ ಅರಿವಾಗುವುದಿಲ್ಲ. ಗಾಯ ಹುಣ್ಣಾಗಿ ಬೆರಳುಗಳೇ ನಷ್ಟವಾಗುತ್ತವೆ. ಆದುದರಿಂದ ಪ್ರತಿನಿತ್ಯ ಕೈಕಾಲುಗಳ ಪರೀಕ್ಷೆ, ಮೃದುವಾದ ವಿಶೇಷ ಪಾದರಕ್ಷೆ, ಅಗತ್ಯವಿದ್ದಲ್ಲಿ ಶಸ್ತ್ರಚಿಕಿತ್ಸೆ ಹಾಗೂ ಜೀವನೋಪಾಯ ಇವೆಲ್ಲವೂ ಪುನರ್ವಸತಿಯ ಅಂಗಗಳು.

ಕುಷ್ಠರೋಗವನ್ನು ವಿಚ್ಛೇದನಕ್ಕೆ ಕಾರಣವೆಂದು ಪರಿಗಣಿಸುತ್ತಿದ್ದ ಕಾನೂನು 2019ರಲ್ಲಷ್ಟೇ ತಿದ್ದುಪಡಿಯಾಯಿತು. ಕಾನೂನು ಬದಲಾದರೂ ಮನಸ್ಸು ಬದಲಾಗುವುದು ನಿಧಾನ. ಔಷಧವಿಲ್ಲದ ಕಾಲದಲ್ಲಿ ಮುಲ್ಲರ್ ಆಶ್ರಯವಿತ್ತರು. ಔಷಧವಿರುವ ಕಾಲದ ನಮ್ಮ ಹೊಣೆ ಅದಕ್ಕಿಂತ ದೊಡ್ಡದು: ಗುಣಮುಖರಾದವರನ್ನು ಆಶ್ರಯಧಾಮದಲ್ಲೇ ಉಳಿಸದೆ, ಅವರದೇ ಮನೆಗೆ, ಅವರದೇ ದುಡಿಮೆಗೆ ಮರಳಿ ಸ್ವಾಗತಿಸುವುದು.